ಏಳನೇ ಪಾಠದ ಹೆಸರು

ನೆರೀದಾ ಚಿಕ್ಕಮ್ಮ ಎಣಿಸಲು ಕಲಿತದ್ದು ಸೇಬುಗಳ ಚಿತ್ರ ನೋಡಿ. ನಿಜವಾದ ಸೇಬನ್ನು ಅವಳು ಮೊದಲ ಸಲ ಕಂಡದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ಉರಿಬಿಯಾ ಪೇಟೆಯ ಒಂದು ತಳ್ಳುಗಾಡಿಯ ಮೇಲೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇಷ್ಟೇನಾ ನೀನು? ನಿನ್ನಿಂದ ನಾನು ಎಷ್ಟು ಏಟು ತಿಂದಿದ್ದೀನಿ ಗೊತ್ತಾ?" ಎಂದು ಕೇಳಿದಳಂತೆ. ಕೊಳ್ಳದೆ ವಾಪಸ್ ಇಟ್ಟು ಬಂದಳು.

ಅವಳು ನನ್ನ ತಾಯಿಯ ತಂಗಿ. ಪೂರ್ತಿ ಹೆಸರು ನೆರೀದಾ ಹುಸಯೂ. ಹುಸಯೂ ನಮ್ಮ ಕುಲದ ಹೆಸರು. ವೆನೆಜುವೆಲಾ ಗಡಿಯ ಮರಳುಗಾಡಿನ ನಮ್ಮ ವಯೂ ಜನರಲ್ಲಿ ಕುಲ ತಾಯಿಯಿಂದ ಬರುತ್ತದೆ, ಮನೆಯ ಮಾತು ಸೋದರಮಾವನಿಂದ ನಡೆಯುತ್ತದೆ. ಹನ್ನೊಂದನೇ ವಯಸ್ಸಿಗೆ ಅವಳನ್ನು ದೂರದ ವಸತಿಶಾಲೆಗೆ ಕಳಿಸಿದರು. ಅಲ್ಲಿ ಎಲ್ಲವೂ ಸ್ಪ್ಯಾನಿಷ್‌ನಲ್ಲಿ. ನಮ್ಮ ಮಾತು ಆಡಿ ಸಿಕ್ಕಿಬಿದ್ದವರಿಗೆ ಮಧ್ಯಾಹ್ನದ ಆಟ ಇರುತ್ತಿರಲಿಲ್ಲ. ಚಿಕ್ಕಮ್ಮ ಎರಡು ವರ್ಷ ಆಟವಾಡಲಿಲ್ಲ ಎಂದು ನನ್ನ ತಾಯಿ ಹೇಳುತ್ತಾಳೆ. ಚಿಕ್ಕಮ್ಮ ಅದನ್ನು ಹೇಳುವುದಿಲ್ಲ.

ಅವಳು ಟೀಚರ್ ಆಗಿ ನಮ್ಮ ಮುಲೀಪಾ ಹಟ್ಟಿಗೆ ಮರಳಿದಾಗ ಶಾಲೆ ಎಂದರೆ ಒಂದೇ ಕೋಣೆ. ಒಣಗಿದ ಕಳ್ಳಿಮರದ ಗೋಡೆ, ತಗಡಿನ ಮಾಡು, ಇಪ್ಪತ್ತು ಚಿಲ್ಲರೆ ಮಕ್ಕಳು. ಮೊದಲನೆಯ ದಿನ ಸರ್ಕಾರದ ಪುಸ್ತಕ ತೆರೆದು, "ಹುವಾನನ ಬಳಿ ಐದು ಸೇಬು ಇವೆ" ಎಂದು ಓದಿದಳು. ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿದ.

"ಟೀಚರ್, ಸೇಬು ಅಂದ್ರೆ ಏನು? ಅದನ್ನ ಆಡು ತಿನ್ನುತ್ತಾ?"

"ಸಿಕ್ಕಿದ್ರೆ ತಿನ್ನುತ್ತೆ."

"ಹಾಗಾದ್ರೆ ಅವನ ಹತ್ರ ಐದು ಉಳಿದಿರಲ್ಲ ಬಿಡಿ."

ಎಲ್ಲರೂ ನಕ್ಕರು. ಚಿಕ್ಕಮ್ಮನೂ ನಕ್ಕಳು. ಆದರೆ ಅಂದೇ ಸಂಜೆ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಅದರ ಮೇಲೆ ಆಡುಗಳನ್ನೂ ನೀರಿನ ಕ್ಯಾನುಗಳನ್ನೂ ಕಳ್ಳಿಹಣ್ಣುಗಳನ್ನೂ ಬರೆಯಲು ಕೂತಳು. ಹೀಗೆ ಹದಿನಾಲ್ಕು ವರ್ಷ ರಟ್ಟಿನ ಮೇಲೆ ಪಾಠ ಮಾಡಿದಳು. ರಟ್ಟುಗಳನ್ನು ಗೆದ್ದಲು ತಿನ್ನುತ್ತಿತ್ತು, ಆಡುಗಳೂ ತಿನ್ನುತ್ತಿದ್ದವು. ಅವಳು ಮತ್ತೆ ಬರೆಯುತ್ತಿದ್ದಳು.

ಆಮೇಲೆ ಪೆಟ್ಟಿಗೆ ಬಂತು. ಅದನ್ನು ತಂದವಳು ಮಿಲೇನಾ ಎಂಬ ಉರಿಬಿಯಾದ ಯುವತಿ. ಬ್ರೆಡ್ಡಿನ ಗಾತ್ರದ ಕಪ್ಪು ಪೆಟ್ಟಿಗೆ, ಒಂದು ಸೋಲಾರ್ ಹಲಗೆ, ಒಂದು ಸ್ಪೀಕರ್, ಆರು ಟ್ಯಾಬ್. ಇಂಟರ್ನೆಟ್ ಇಲ್ಲದ ಕಡೆಯೂ ಆ ಪೆಟ್ಟಿಗೆಯಿಂದ ಟ್ಯಾಬ್‌ಗಳಿಗೆ ಪಾಠ ಬರುತ್ತಿತ್ತು. ಒಳಗಿದ್ದ ಪಾಠಗಳೆಲ್ಲ ಸ್ಪ್ಯಾನಿಷ್‌ನವು. ಚಿಕ್ಕಮ್ಮ ತನ್ನ ರಟ್ಟುಗಳನ್ನು ತೋರಿಸಿದಳು. ಮಿಲೇನಾ ಬಹಳ ಹೊತ್ತು ನೋಡಿ ಹೇಳಿದಳು:

"ಅಕ್ಕ, ಇದನ್ನ ನೀನು ನಮ್ಮ ಮಾತಲ್ಲಿ ಹೇಳು, ಚಿತ್ರ ಸೇರಿಸೋಣ, ಪೆಟ್ಟಿಗೆಗೆ ಹಾಕೋಣ. ಆದ್ರೆ ಒಂದು ಮಾತು. ಇಲ್ಲಿ ಇರೋದೆಲ್ಲ ಮುಕ್ತ ಪಾಠ. ಯಾರು ಬೇಕಾದ್ರೂ ನಕಲು ಮಾಡ್ಕೋಬಹುದು, ಬದಲಾಯಿಸ್ಕೋಬಹುದು, ಬೇರೆಯವರಿಗೆ ಕೊಡಬಹುದು. ನಿನ್ನನ್ನ ಕೇಳಬೇಕಾಗಿಲ್ಲ. ಒಪ್ತೀಯಾ?"

"ಗಾಳಿಯಂತ್ರ ಎತ್ತಿ ತೊಟ್ಟಿಗೆ ತುಂಬೋ ನೀರಿನ ಹಾಗೆ ಅನ್ನು."

"ಹೂಂ, ಹಾಗೇ."

"ಆ ತೊಟ್ಟಿ ಹತ್ರ ಯಾರ ಆಡು ಅಂತ ಯಾರು ಕೇಳ್ತಾರೆ? ಹಾಕು."

ನಮ್ಮಲ್ಲಿ ಗಾಳಿ ನಿಲ್ಲುವುದೇ ಇಲ್ಲ. ದನಿ ಮುದ್ರಿಸಲು ಹೋದರೆ ಗಾಳಿಯೇ ಪಾಠ ಹೇಳಿದಂತೆ ಕೇಳಿಸುತ್ತಿತ್ತು. ಅದಕ್ಕೆ ಚಿಕ್ಕಮ್ಮ ಮನೆಯವರು ಮಲಗುವ ಜೋಲಿಗಳನ್ನೆಲ್ಲ ಬಿಚ್ಚಿ ತಂದು ಕೋಣೆಯ ಒಂದು ಮೂಲೆಯಲ್ಲಿ ಸುತ್ತಲೂ ಇಳಿಬಿಟ್ಟು, ಮೇಲೆ ಕಂಬಳಿ ಹೊದಿಸಿ, ಒಳಗೆ ಕೂತು ಮಾತಾಡುತ್ತಿದ್ದಳು. ಹೊರಗೆ ಬರುವಾಗ ಬೆವರಿನಿಂದ ತೊಯ್ದು ಹೋಗಿರುತ್ತಿದ್ದಳು. "ನೀರಿಗೆ ಬಿದ್ದ ಬೆಕ್ಕಿನ ಹಾಗಿದ್ದೀಯ" ಎಂದು ನನ್ನ ತಾಯಿ ಅಣಕಿಸುತ್ತಿದ್ದಳು. ಮೊದಲನೆಯ ಪಾಠಕ್ಕೆ ಹನ್ನೊಂದು ದಿನ ಹಿಡಿಯಿತು.

ಪಾಠದ ಲೆಕ್ಕದಲ್ಲಿ ಒಂದು ಮಗು ಇರಲೇಬೇಕಲ್ಲ. ಹುವಾನನನ್ನು ಚಿಕ್ಕಮ್ಮ ಮೊದಲೇ ಓಡಿಸಿದ್ದಳು. ಆಗ ತರಗತಿಯಲ್ಲಿದ್ದ ಇಪ್ಪತ್ತಮೂರು ಮಕ್ಕಳೂ ಮುತ್ತಿಕೊಂಡರು. "ಟೀಚರ್, ನನ್ನ ಹೆಸರು ಹಾಕಿ." "ಅವನ ಹೆಸರು ಬೇಡ, ಅವನಿಗೆ ಹತ್ತರ ಮೇಲೆ ಎಣಿಸೋಕೆ ಬರಲ್ಲ." ಯಾರಿಗೂ ಬೇಸರವಾಗಬಾರದೆಂದು ಚಿಕ್ಕಮ್ಮ ಇಪ್ಪತ್ತಮೂರು ಪಾಠ ಮಾಡಿದಳು. ಪ್ರತಿ ಪಾಠಕ್ಕೆ ಒಂದು ಮಗುವಿನ ಹೆಸರು.

ಏಳನೆಯ ಪಾಠ ಕೂಡುವ ಲೆಕ್ಕದ್ದು. ಅದಕ್ಕೆ ಬಂದ ಹೆಸರು ಎಲ್ವೀನಾ ಇಪುವಾನಾಳ ಮಗಳದು. ಆ ಹೆಸರನ್ನು ನಾನು ಬರೆಯುವುದಿಲ್ಲ. ತೀರಿಹೋದವರ ಹೆಸರನ್ನು ಅವರ ರಕ್ತಸಂಬಂಧಿಗಳ ಮುಂದೆ ಹೇಳುವುದು ನಮ್ಮಲ್ಲಿ ಹಸಿ ಗಾಯಕ್ಕೆ ಕೈ ಹಾಕಿದಂತೆ. ಬರೆದದ್ದು ಯಾರ ಮುಂದೆ ಹೋಗಿ ನಿಲ್ಲುತ್ತದೆ ಎಂದು ಬರೆದವರಿಗೆ ಗೊತ್ತಿರುವುದಿಲ್ಲ.

ಆ ಹುಡುಗಿಗೆ ಆಗ ಎಂಟು ವರ್ಷ. ಆಡುಗಳನ್ನು ಹಿಮ್ಮುಖವಾಗಿ ನಡೆಯುತ್ತಲೇ ಎಣಿಸುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಚಿಕ್ಕಮ್ಮ ಅವಳಿಗೇ ಮೊದಲು ಕೇಳಿಸಿದಳು. ಪಾಠದಲ್ಲಿ ಚಿಕ್ಕಮ್ಮನ ದನಿ ಹೀಗೆ ಹೇಳುತ್ತಿತ್ತು: ಅವಳು ಬೆಳಿಗ್ಗೆ ಐದು ಆಡು ಮೇಯಲು ಬಿಟ್ಟಳು, ಆಮೇಲೆ ಮೂರು ಬಿಟ್ಟಳು. ಒಟ್ಟು ಎಷ್ಟು? ಮಕ್ಕಳೇ, ಅವಳ ಹೆಸರು ಹಿಡಿದು ಜೋರಾಗಿ ಕರೆಯಿರಿ, ಕರೆದು ಉತ್ತರ ಹೇಳಿ.

ಹುಡುಗಿ ಕೇಳಿ ಹೇಳಿದಳು: "ಟೀಚರ್, ಅಷ್ಟು ಜೋರಾಗಿ ಕರೆಯೋದು ಬೇಡ. ನಾನೇನು ಕಿವುಡೀನಾ?"

ಒಂದು ವರ್ಷದೊಳಗೆ ಪಾಠಗಳು ಎಲ್ಲೆಲ್ಲಿಗೋ ಹೋದವು. ಮೆಮೊರಿ ಕಾರ್ಡಿನಲ್ಲಿ, ಫೋನಿನಲ್ಲಿ, ನೀರಿನ ಟ್ರಕ್ಕಿನ ಡ್ರೈವರನ ಜೇಬಿನಲ್ಲಿ. ಯಾರೋ ಪರಿಚಯವಿಲ್ಲದ ಟೀಚರ್ ಬಂದು, "ನಿಮ್ಮ ದನಿ ದಿನಾ ಕೇಳ್ತೀವಿ, ಮುಖ ನೋಡೋಣ ಅಂತ ಬಂದೆ" ಎಂದರೆ ಚಿಕ್ಕಮ್ಮ ನಾಚಿ ಕಾಫಿ ಕಾಯಿಸಲು ಎದ್ದು ಹೋಗುತ್ತಿದ್ದಳು. ಅವಳ ಬದುಕಿನಲ್ಲಿ ಅಷ್ಟು ಸಂತೋಷದ ವರ್ಷ ಬೇರೆ ಇರಲಿಲ್ಲ ಎಂದು ನನ್ನ ಅನಿಸಿಕೆ. ಅವಳಿಗೆ ಮಕ್ಕಳಿರಲಿಲ್ಲ.

ಮರುವರ್ಷದ ಒಣಗಾಲದಲ್ಲಿ ಎಲ್ವೀನಾಳ ಮಗಳಿಗೆ ಜ್ವರ ಬಂತು. ಮೂರು ದಿನ ಏನೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಾಲ್ಕನೆಯ ದಿನ ಆಸ್ಪತ್ರೆಗೆ ಹೊರಟ ಟ್ರಕ್ಕಿನಲ್ಲಿ, ತಾಯಿಯ ತೊಡೆಯ ಮೇಲೆಯೇ ತೀರಿಹೋದಳು. ಹಟ್ಟಿಯ ಹೆಂಗಸರೆಲ್ಲ ಬಟ್ಟೆಯಿಂದ ಮುಖ ಮುಚ್ಚಿಕೊಂಡು ಸರದಿಯ ಮೇಲೆ ಅತ್ತರು. ಚಿಕ್ಕಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ಅತ್ತಳು.

ಮೂರನೆಯ ದಿನ ಅವಳು ಬೀಗ ಹಾಕಿದ್ದ ಶಾಲೆ ತೆರೆದು, ಪೆಟ್ಟಿಗೆಯಿಂದ ಏಳನೆಯ ಪಾಠ ಅಳಿಸಿದಳು. ಆರು ಟ್ಯಾಬ್‌ಗಳಿಂದಲೂ ಅಳಿಸಿದಳು. ಗೋಡೆಗೆ ತೂಗುಹಾಕಿದ್ದ ಹಾಜರಿ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಹೊಸದಾಗಿ ಬರೆದಳು. ಮಾಡಬೇಕಾದದ್ದು ಮುಗಿಯಿತು ಎಂದುಕೊಂಡಳು.

ಮುಗಿದಿರಲಿಲ್ಲ. ಆಮೇಲೆ ಅವಳೇ ನನ್ನ ತಾಯಿಗೆ ಹೇಳಿದ ಮಾತು ಇದು: "ಸತ್ತವರ ಹೆಸರು ಹೇಳಬಾರದು ಅಂತ ನಂಗೆ ಗೊತ್ತಿಲ್ವೇನೆ? ಹುಟ್ಟಿದಾಗಿಂದ ಗೊತ್ತು. ಬದುಕಿರೋ ಮಗೂನೂ ಸಾಯಬಹುದು ಅಂತ ಮಾತ್ರ ಹೊಳೀಲಿಲ್ಲ."

ನಾಲ್ಕು ತಿಂಗಳ ನಂತರ ಎಲ್ವೀನಾ, ಕೊತ್ಸುಮಾ ಹಟ್ಟಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಹೋದಳು. ಮನೆಯಲ್ಲಿ ಸುಮ್ಮನೆ ಕೂತಿರುವವಳನ್ನು ಜನರ ನಡುವೆ ಇಡೋಣವೆಂದು ಅಕ್ಕನೇ ಕರೆಸಿಕೊಂಡಿದ್ದಳು. ಬೆಳಗಿನ ಹೊತ್ತು ಇಬ್ಬರೂ ಚಪ್ಪರದ ನೆರಳಿನಲ್ಲಿ ಕೂತು ಚೀಲ ಹೆಣೆಯುತ್ತಿದ್ದರು. ಚಪ್ಪರದಿಂದ ಒಂದು ಕೂಗಳತೆಯಲ್ಲಿ ಶಾಲೆ. ಅಲ್ಲಿ ಸ್ಪೀಕರ್ ಹಚ್ಚಿದರು. ಚಿಕ್ಕಮ್ಮನ ದನಿ ಗಾಳಿಯ ಮೇಲೆ ಸ್ಪಷ್ಟವಾಗಿ ಬಂತು. ಎಲ್ವೀನಾ ತಲೆ ಎತ್ತಿ, "ಇದು ನಮ್ಮ ನೆರೀದಾ ಅಲ್ವಾ?" ಎಂದಳು. ಎಷ್ಟೋ ದಿನದ ಮೇಲೆ ಮುಖ ಸ್ವಲ್ಪ ಅರಳಿತ್ತು ಎಂದು ಅಕ್ಕ ಆಮೇಲೆ ಹೇಳಿದಳು.

ಆಮೇಲೆ ಆ ದನಿ ಹೆಸರು ಹೇಳಿತು. ಮಕ್ಕಳೇ ಜೋರಾಗಿ ಕರೆಯಿರಿ ಎಂದಿತು. ಮೂವತ್ತು ಮಕ್ಕಳು ಒಟ್ಟಿಗೆ ಕರೆದರು.

ಎಲ್ವೀನಾ ಕಿರುಚಲಿಲ್ಲ. ಉಡುಪಿನ ಸೆರಗನ್ನು ತಲೆಯ ಮೇಲೆಳೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಬಿಸಿಲಿನಲ್ಲಿ ಮುಳ್ಳುಗಿಡಗಳ ನಡುವೆ ನಡೆಯುತ್ತ ಹೋದಳು. ಅಕ್ಕ ಅವಳನ್ನು ಹಿಡಿದು ನಿಲ್ಲಿಸುವ ಹೊತ್ತಿಗೆ ಶಾಲೆಯಲ್ಲಿ ಮಕ್ಕಳು ಎರಡನೆಯ ಸಲ ಕರೆಯುತ್ತಿದ್ದರು. ಆ ಪಾಠದಲ್ಲಿ ಲೆಕ್ಕ ಎರಡು ಸಲ ಬರುತ್ತದೆ.

ನಮ್ಮಲ್ಲಿ ಹೀಗಾದಾಗ ನೊಂದವರು ತಾವೇ ಬಂದು ಜಗಳವಾಡುವುದಿಲ್ಲ. ಮಾತು ಹೊರುವವನನ್ನು ಕಳಿಸುತ್ತಾರೆ. ಅವನು ಎರಡು ಕಡೆಗೂ ಸೇರಿದವನಲ್ಲ. ಕೇಳಿದ್ದನ್ನು ಕೇಳಿದಂತೆ ತಂದು ಹೇಳುತ್ತಾನೆ, ಉತ್ತರವನ್ನು ಹಾಗೆಯೇ ಒಯ್ಯುತ್ತಾನೆ. ಇಪುವಾನಾ ಮನೆಯವರು ಲಿಸಾಂದ್ರೊ ಎಂಬ ಮುದುಕನನ್ನು ಕಳಿಸಿದರು. ಅವನು ಕೋಲು ಹಿಡಿದು ನಮ್ಮ ಚಪ್ಪರಕ್ಕೆ ಬಂದ. ಜೋಲಿ ಕಟ್ಟಿಕೊಟ್ಟರು, ಕಾಫಿ ಕೊಟ್ಟರು. ನಮ್ಮ ಕಡೆಯಿಂದ ಹಿರಿಯನಾಗಿ ಚಿಕ್ಕಮ್ಮನ ಅಣ್ಣ ಸೆವೇರೊ ಮಾವ ಕೂತಿದ್ದ. ಅವನು ಆಗಲೇ ಮನಸ್ಸಿನಲ್ಲಿ ಪರಿಹಾರಕ್ಕೆಂದು ಆಡುಗಳನ್ನೂ ಅಜ್ಜಿಯ ಕಾಲದ ಹವಳದ ಸರವನ್ನೂ ತೆಗೆದಿಟ್ಟಿದ್ದ.

"ಏನು ಕೊಡಬೇಕು ಹೇಳಪ್ಪ. ತಪ್ಪು ನಮ್ಮದೇ. ಎಳೆದಾಡೋದಿಲ್ಲ," ಎಂದ ಮಾವ.

ಲಿಸಾಂದ್ರೊ ಕಾಫಿ ಮುಗಿಸಿ ಬಟ್ಟಲನ್ನು ಬೋರಲು ಹಾಕಿದ.

"ಆ ತಾಯಿಯ ಅಣ್ಣ ಗಾಸ್ಪಾರ್ ಆಡು ಕೇಳು ಅಂದಿದ್ದ. ತಾಯಿ ಬೇಡ ಅಂದಳು. ಅವಳು ಹೇಳಿದ್ದು ಇಷ್ಟು: 'ನನ್ನ ಮಗಳನ್ನ ಮೂವತ್ತು ಜನ ಕರೆದರು. ಅವಳು ಬರಲಿಲ್ಲ. ಹಾಗೆ ಕರೆಯೋದು ನಿಲ್ಲಬೇಕು. ಎಲ್ಲೆಲ್ಲಿ ಆ ಹೆಸರು ಇದೆಯೋ ಅಲ್ಲೆಲ್ಲ ನಿಲ್ಲಬೇಕು. ಮಳೆ ಬರೋ ಮೊದಲು.' ನಿಲ್ಲದೇ ಹೋದ್ರೆ ಇಪುವಾನಾ ಮಕ್ಕಳು ನಿಮ್ಮ ಶಾಲೆಗೆ ಬರಲ್ಲ. ಇವತ್ತಿಂದಲೇ ಬರಲ್ಲ. ನಿಂತ ಮೇಲೆ ನೋಡೋಣ ಅಂದ್ರು."

ಇಪ್ಪತ್ತೆರಡು ಮಕ್ಕಳಲ್ಲಿ ಹನ್ನೊಂದು ಮಂದಿ ಇಪುವಾನಾ ಕುಲದವರು. ಮಾವ ಚಿಕ್ಕಮ್ಮನ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಅಯ್ಯ, ನಾನು ನಿಲ್ಲಿಸ್ತೀನಿ ಅಂತ ಹೇಳಿ," ಎಂದಳು.

"ಎಷ್ಟು ಕಡೆ ಇದೆ ಅಂತ ಗೊತ್ತಾ ತಾಯಿ ನಿನಗೆ?"

"ಗೊತ್ತಿಲ್ಲ."

"ಹಾಗಾದ್ರೆ ಹುಷಾರಾಗಿ ಮಾತು ಕೊಡು. ನಾನು ಹೊತ್ಕೊಂಡು ಹೋಗೋನು. ಭಾರ ಎಷ್ಟಿದೆ ಅಂತ ನನಗೂ ಗೊತ್ತಿರಬೇಕು."

ಚಿಕ್ಕಮ್ಮ ತನ್ನ ಮಾತನ್ನು ತಿದ್ದಿಕೊಂಡಳು: "ನನ್ನ ಕೈ ತಲುಪೋ ಕಡೆಯೆಲ್ಲ ನಿಲ್ಲಿಸ್ತೀನಿ ಅಂತ ಹೇಳಿ."

ಮರುದಿನವೇ ಟ್ರಕ್ ಹಿಡಿದು ಉರಿಬಿಯಾಕ್ಕೆ ಹೋದಳು. ಮಿಲೇನಾ ತಾನು ಪೆಟ್ಟಿಗೆ ಕೊಟ್ಟ ಹತ್ತೊಂಬತ್ತು ಶಾಲೆಗಳ ಪಟ್ಟಿ ತೆಗೆದಳು.

"ಇವಿಷ್ಟೇನಾ?"

"ಇವು ನಾನು ಕೊಟ್ಟಿದ್ದು ಅಕ್ಕ. ಇವರು ಯಾರಿಗೆ ಕೊಟ್ಟರು, ಅವರು ಯಾರಿಗೆ ಕೊಟ್ಟರು ಅಂತ ಎಲ್ಲೂ ಬರೆದಿಲ್ಲ. ಕೇಳ್ದೆ ತಗೊಂಡು ಹೋಗ್ಲಿ ಅಂತಾನೇ ಅಲ್ವಾ ಮಾಡಿದ್ದು."

"ಎಲ್ಲರಿಗೂ ಒಂದೇ ಸಲ ಅಳಿಸೋ ಹಾಗೆ ಏನೂ ಇಲ್ವಾ?"

"ಇಂಟರ್ನೆಟ್ಟೇ ಇಲ್ಲದ ಪೆಟ್ಟಿಗೆ. ಇಲ್ಲಿಂದ ನಾನು ಹೇಗೆ ಕೈ ಹಾಕ್ಲಿ?" ಮಿಲೇನಾಳ ಕಣ್ಣಲ್ಲಿ ನೀರು ಬಂದಿತ್ತು. "ಅಕ್ಕ, ಹೆಸರು ಹಾಕೋವಾಗ ನಾನಾದ್ರೂ ಹೇಳಬೇಕಿತ್ತು. ನಮ್ಮಜ್ಜಿನೂ ವಯೂನೇ."

"ನೀನು ಹೇಳಿದ್ರೂ ನಾನು ಕೇಳ್ತಿರಲಿಲ್ಲ ಬಿಡು. ಮಕ್ಕಳು ಅಷ್ಟು ಕುಣೀತಿದ್ರು."

ಆಗಿನಿಂದ ಮೂರು ತಿಂಗಳು ಚಿಕ್ಕಮ್ಮ ಶುಕ್ರವಾರ ಮಧ್ಯಾಹ್ನ ಹೊರಟರೆ ಸೋಮವಾರ ಬೆಳಿಗ್ಗೆ ಬರುತ್ತಿದ್ದಳು. ನೀರಿನ ಟ್ರಕ್ಕಿನ ಮೇಲೆ, ಯಾರದೋ ಬೈಕಿನ ಹಿಂದೆ, ಎರಡು ಸಲ ಕತ್ತೆಯ ಮೇಲೆ. ಕೈಚೀಲದಲ್ಲಿ ನೀರು, ಹುರಿದ ಆಡಿನ ಮಾಂಸ, ಒಂದು ಇಯರ್‌ಫೋನ್. ವಾರದ ದಿನಗಳಲ್ಲಿ ಅರ್ಧ ಖಾಲಿಯಾದ ಶಾಲೆ ನಡೆಸುತ್ತಿದ್ದಳು.

ಕೆಲಸ ಹೊರಗಿನಿಂದ ನೋಡಿದಷ್ಟು ಸುಲಭವಾಗಿರಲಿಲ್ಲ. ಏಳನೆಯ ಪಾಠ ಅಳಿಸಿ ಎಂದು ಹೇಳಿದರೆ ಸಾಕೆಂದು ಅವಳೂ ಅಂದುಕೊಂಡಿದ್ದಳು. ಆದರೆ ಒಂದು ಶಾಲೆಯಲ್ಲಿ ಪಾಠಗಳ ಸಂಖ್ಯೆ ಬದಲಾಯಿಸಿದ್ದರು. ಇನ್ನೊಂದರಲ್ಲಿ ಏಳನ್ನು ಹನ್ನೆರಡರ ಜೊತೆ ಹೊಲಿದಿದ್ದರು. ಮತ್ತೊಂದು ಕಡೆ ಹಾಡಿನ ನಡುವೆ ಸೇರಿಸಿದ್ದರು. ಎಲ್ಲಿದೆ ಎಂದು ಹುಡುಕಲು ಹೆಸರು ಹೇಳಬೇಕು. ಅವಳು ಹೇಳುವ ಹಾಗಿರಲಿಲ್ಲ. ಕೇಳುವವರಲ್ಲಿ ಯಾರು ಇಪುವಾನಾ ಮನೆಯ ನಂಟರೋ ಯಾರಿಗೆ ಗೊತ್ತು? ಅದಕ್ಕೆ ಅವಳು ಪ್ರತಿ ಶಾಲೆಯಲ್ಲೂ ಒಂದು ಮೂಲೆಯಲ್ಲಿ ಕೂತು, ಇಯರ್‌ಫೋನ್ ಹಾಕಿಕೊಂಡು, ಇಪ್ಪತ್ತಮೂರು ಪಾಠಗಳನ್ನೂ ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದಳು. ತನ್ನದೇ ದನಿ ಆ ಹೆಸರು ಹೇಳುವವರೆಗೂ ಕಾಯುತ್ತಿದ್ದಳು. ಹೇಳಿದ ಕೂಡಲೇ ಅಳಿಸುತ್ತಿದ್ದಳು. ಆಮೇಲೆ ಮುಂದಿನ ಟ್ಯಾಬ್.

ಸಮುದ್ರದ ಕಡೆಯ ವುಸಿರಾ ಶಾಲೆಯ ಟೀಚರ್ ಏಬೆರ್ತೊ ಎನ್ನುವವನು. ಒರಟು ಮಾತಿನ ಮನುಷ್ಯ. ಅವನು ಚಿಕ್ಕಮ್ಮನ ಪಾಠಗಳಲ್ಲಿ ಚಿತ್ರ ಬದಲಾಯಿಸಿ, ನಡುನಡುವೆ ತನ್ನ ದನಿ ಸೇರಿಸಿ, ಆಡುಗಳನ್ನೆಲ್ಲ ಮೀನು ಮಾಡಿಬಿಟ್ಟಿದ್ದ.

"ನಮ್ಮ ಮಕ್ಕಳಿಗೆ ಆಡಿಗಿಂತ ಮೀನು ವಾಸಿ ಅಕ್ಕ. ನಿನ್ನ ಆಡು ನಮ್ಮ ಕಡೆ ಈಜಲ್ಲ. ಹೆಸರುಗಳು ಮಾತ್ರ ಚೆನ್ನಾಗಿದ್ವು, ಹಾಗೇ ಬಿಟ್ಟೆ."

"ಅದನ್ನೇ ತೆಗೆಯೋಕೆ ಬಂದಿದ್ದೀನಿ. ಒಂದನ್ನ."

"ಯಾವುದು ಅಂತ ಹೇಳಿಬಿಡು. ಎರಡು ನಿಮಿಷದ ಕೆಲಸಕ್ಕೆ ಬೆಳಿಗ್ಗೆಯಿಂದ ಕೂತಿದ್ದೀಯಲ್ಲ! ಮೊಟ್ಟೆಗೆ ಕೂತ ಕೋಳಿ ಹಾಗೆ."

ಚಿಕ್ಕಮ್ಮ ಒಂದು ಕಿವಿಯ ಇಯರ್‌ಫೋನ್ ತೆಗೆದಳು. "ನಮ್ಮ ಶಾಲೇಲಿ ಎರಡು ನಿಮಿಷದ ಕೆಲಸ ಮಾಡಿ, ಎಲ್ಲಾ ಮುಗೀತು ಅಂದ್ಕೊಂಡವಳು ನಾನೇ ತಮ್ಮ. ಅದಕ್ಕೇ ಇಲ್ಲಿ ಕೂತಿದ್ದೀನಿ."

ಮಧ್ಯಾಹ್ನ ಏಬೆರ್ತೊ ಅವಳ ಪಕ್ಕಕ್ಕೆ ಒಂದು ತಟ್ಟೆ ಮೀನು ತಂದಿಟ್ಟ. ಅವಳು ಹೊರಡುವಾಗ, ತಾನು ಈ ಪಾಠಗಳನ್ನು ಕೊಟ್ಟಿದ್ದ ನಾಲ್ಕು ಶಾಲೆಗಳ ಹೆಸರು ಬರೆದುಕೊಟ್ಟ. ಅವು ಮಿಲೇನಾಳ ಪಟ್ಟಿಯಲ್ಲಿ ಇರಲಿಲ್ಲ.

ಹೀಗೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಹತ್ತೊಂಬತ್ತು ಮೂವತ್ತೊಂದಾಯಿತು. ಮಳೆಯ ಮೋಡ ಕಾಣಿಸಿಕೊಳ್ಳುವ ಹೊತ್ತಿಗೆ ಅವಳು ಮೂವತ್ತು ಶಾಲೆ ಮುಗಿಸಿದ್ದಳು. ಮೂವತ್ತೊಂದನೆಯದು ಗಡಿಯಾಚೆ, ವೆನೆಜುವೆಲಾದಲ್ಲಿ. ನಮ್ಮ ಜನ ಎರಡೂ ಕಡೆ ಇದ್ದಾರೆ. ಅಲ್ಲಿಗೂ ಹೋದಳು. ಅಲ್ಲಿಯ ಟೀಚರ್ ಸಂತೋಷದಿಂದ ಹೇಳಿದಳು, ಆ ಪಾಠಗಳನ್ನು ಮಕ್ಕಳ ತಂದೆತಾಯಿಯರ ಫೋನುಗಳಿಗೂ ಹಾಕಿಕೊಟ್ಟಿದ್ದೇನೆ ಎಂದು. ಅವರಲ್ಲಿ ಕೆಲವರು ಕೆಲಸ ಹುಡುಕಿಕೊಂಡು ದೂರದ ಪಟ್ಟಣಗಳಿಗೆ ಹೋಗಿದ್ದರು.

ಚಿಕ್ಕಮ್ಮ ಆ ಶಾಲೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳಂತೆ. ಆಮೇಲೆ ಎದ್ದು, ಶಾಲೆಯ ಪೆಟ್ಟಿಗೆಯನ್ನೂ ಊರಲ್ಲಿ ಸಿಕ್ಕಿದ ಹದಿನಾಲ್ಕು ಫೋನುಗಳನ್ನೂ ಸರಿಮಾಡಿ ವಾಪಸ್ ಬಂದಳು.

ಬಂದವಳು ಲಿಸಾಂದ್ರೊನಿಗೆ ಹೇಳಿಕಳಿಸಿದಳು. ಇಂಥ ವಿಷಯದಲ್ಲಿ ತಪ್ಪು ಮಾಡಿದವರು ನೊಂದವರ ಮುಂದೆ ಹೋಗಿ ನಿಲ್ಲುವುದು ವಾಡಿಕೆಯಲ್ಲ. ಆದರೆ ಎಲ್ವೀನಾಳೇ ಅವಳನ್ನು ಕರೆತರಲು ಹೇಳಿದಳು. ಮಾವನೂ ನನ್ನ ತಾಯಿಯೂ ಜೊತೆಗೆ ಹೋದರು. ಮುಂದಿನದು ನನ್ನ ತಾಯಿ ಹೇಳಿದ್ದು.

ಇಪುವಾನಾ ಮನೆಯ ಚಪ್ಪರದಲ್ಲಿ ಗಾಸ್ಪಾರ್ ಒಂದು ಕಡೆ ಕೂತಿದ್ದ. ಎಲ್ವೀನಾ ಇನ್ನೊಂದು ಕಡೆ ಜೋಲಿಯ ಅಂಚಿನಲ್ಲಿ ಕೂತಿದ್ದಳು. ಯಾರೂ ಯಾರನ್ನೂ ನೋಡಲಿಲ್ಲ. ಲಿಸಾಂದ್ರೊ ಬರುವ ದಾರಿಯಲ್ಲಿ ಚಿಕ್ಕಮ್ಮನಿಗೆ, "ಮುಗಿಸಿದೆ ಅಂತ ಹೇಳಿಬಿಡು ತಾಯಿ. ಮೂವತ್ತೊಂದು ಸಣ್ಣ ಮಾತಲ್ಲ" ಎಂದಿದ್ದ.

ಅವಳು ಹಾಗೆ ಹೇಳಲಿಲ್ಲ. ಒಂದೊಂದು ಶಾಲೆಯ ಹೆಸರನ್ನೂ ಹೇಳಿದಳು, ಅಲ್ಲಿ ಎಷ್ಟು ಟ್ಯಾಬ್ ಇದ್ದವು, ಎಷ್ಟು ಕಡೆ ಸಿಕ್ಕಿತು ಎಂದು ಹೇಳಿದಳು. ಕೊನೆಗೆ ಹೇಳಿದಳು:

"ಇನ್ನೂ ಎಲ್ಲೋ ಇರಬಹುದು. ಇಲ್ಲ ಅಂತ ಆಣೆ ಮಾಡೋಕೆ ನನ್ನಿಂದ ಆಗಲ್ಲ. ಕೊಡೋವಾಗ ಎಣಿಸಲಿಲ್ಲ."

ಗಾಸ್ಪಾರ್ ಎದ್ದು ನಿಂತ. "ಮತ್ತೆ ಯಾಕೆ ಬಂದೆ? ನಿಲ್ಲಿಸ್ತೀನಿ ಅಂದಿದ್ದೆ. ನಿಂತಿಲ್ಲ ಅಂತ ಹೇಳೋಕೆ ಬಂದ್ಯಾ? ಲೆಕ್ಕದ ಟೀಚರಂತೆ, ತಾನು ಕೊಟ್ಟಿದ್ದೇ ಎಣಿಸಿಲ್ಲವಂತೆ!"

"ಕೂತ್ಕೋ ಅಣ್ಣ," ಎಂದಳು ಎಲ್ವೀನಾ.

ಅವನು ಕೂರಲಿಲ್ಲ. ಚಪ್ಪರದ ಕಂಬಕ್ಕೆ ಒರಗಿ ನಿಂತ.

ಎಲ್ವೀನಾ ಮೊದಲ ಸಲ ಚಿಕ್ಕಮ್ಮನ ಮುಖ ನೋಡಿದಳು. "ಇವಳು ಮುಗೀತು ಅಂದಿದ್ರೆ ನಾನು ನಂಬ್ತಿರಲಿಲ್ಲ," ಎಂದಳು. "ನಾನಿಲ್ಲದ ಕಡೆ ಯಾರೋ ಹೇಳಿದ್ರೆ ಅದು ನನಗೆ ಮುಟ್ಟಲ್ಲ. ಅದನ್ನ ಬಿಡ್ತೀನಿ. ಆದ್ರೆ ಇನ್ನೊಂದಿದೆ ನೆರೀದಾ."

"ಹೇಳು."

"ಎಲ್ಲೇ ಹೋಗ್ಲಿ, ಪೆಟ್ಟಿಗೆಯೊಳಗಿಂದ ನಿನ್ನ ದನಿ ಬಂದ್ರೆ ನಾನು ನಿಂತುಬಿಡ್ತೀನಿ. ಈಗ ಹೇಳುತ್ತೆ, ಈಗ ಹೇಳುತ್ತೆ ಅಂತ. ಬೇರೆ ಪಾಠ ಆದ್ರೂ ಅಷ್ಟೇ. ನೀನು ಎದುರಿಗೆ ನಿಂತು ಮಾತಾಡು, ನನಗೇನೂ ಆಗಲ್ಲ. ನಿನ್ನ ಬಾಯಿ ಕಾಣುತ್ತೆ, ನೀನು ಹೇಳಲ್ಲ ಅಂತ ಗೊತ್ತಾಗುತ್ತೆ. ಪೆಟ್ಟಿಗೆಗೆ ಮುಖ ಇಲ್ಲ."

ಸೆವೇರೊ ಮಾವ ಕೆಮ್ಮಿ, "ಇಪ್ಪತ್ತೆರಡು ಪಾಠ ಇವೆ ತಂಗಿ ಅದರಲ್ಲಿ. ಇವಳು ಅದಕ್ಕೋಸ್ಕರ…" ಎಂದು ಶುರುಮಾಡಿದ. ಚಿಕ್ಕಮ್ಮ ಅವನ ತೋಳು ಮುಟ್ಟಿ ತಡೆದಳು.

"ತೆಗೀತೀನಿ," ಎಂದಳು. "ಪಾಠ ಇರಲಿ. ನನ್ನ ದನಿ ತೆಗೀತೀನಿ."

ನನ್ನ ತಾಯಿ ಹೇಳುವಂತೆ ಅದನ್ನು ಹೇಳಲು ಚಿಕ್ಕಮ್ಮ ಒಂದು ಉಸಿರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ದಾರಿಯಲ್ಲಿ ವಾಪಸ್ ಬರುವಾಗ ಮಾತ್ರ ಎರಡು ಸಲ ನಿಂತು ಚಪ್ಪಲಿಯ ಮರಳು ಕೊಡವಿದಳು. ಚಪ್ಪಲಿಯಲ್ಲಿ ಮರಳೇನೂ ಇರಲಿಲ್ಲ.

ಪಾಠಗಳನ್ನು ಯಾರು ಬೇಕಾದರೂ ಬದಲಾಯಿಸಬಹುದು ಎಂದಿದ್ದದ್ದು ಆಗ ಕೆಲಸಕ್ಕೆ ಬಂತು. ಅವಳು ಸುತ್ತಿದ್ದ ಶಾಲೆಗಳ ಟೀಚರುಗಳಿಗೆಲ್ಲ ಹೇಳಿಕಳಿಸಿದಳು: ನನ್ನ ದನಿ ತೆಗೆಯಿರಿ, ನಿಮ್ಮ ದನಿ ಹಾಕಿ. ಮಕ್ಕಳ ಹೆಸರು ಹಾಕಬೇಡಿ, ಯಾರ ಹೆಸರನ್ನೂ ಹಾಕಬೇಡಿ. 'ನೀನು' ಎಂದು ಹೇಳಿ. ನೀನು ಐದು ಆಡು ಬಿಟ್ಟೆ, ಆಮೇಲೆ ಮೂರು ಬಿಟ್ಟೆ. ಕೇಳುವ ಮಗು ಯಾವುದೋ ಅದರದ್ದೇ ಆಡು.

ಐದು ಜನ ಟೀಚರುಗಳು ಪಾಠಗಳನ್ನು ಹಂಚಿಕೊಂಡರು. "ನನ್ನ ದನಿ ಕೇಳಿದ್ರೆ ಕತ್ತೆಗಳು ಓಡಿ ಬರ್ತವೆ ಅಕ್ಕ, ಆಮೇಲೆ ನನ್ನ ಬೈಬೇಡ" ಎಂದು ಏಬೆರ್ತೊ ಹೇಳಿಕಳಿಸಿದ. ಆದರೂ ನಾಲ್ಕು ಪಾಠ ಮಾಡಿಕೊಟ್ಟ. ಏಳನೆಯದನ್ನು ಹೊಸದಾಗಿ ಮಾಡಿದ್ದು ಗಡಿಯಾಚೆಯ ಆ ಟೀಚರ್. ಒಂದೊಂದಾಗಿ ಬಂದಂತೆ ಚಿಕ್ಕಮ್ಮ ತನ್ನದನ್ನು ಅಳಿಸುತ್ತ ಹೋದಳು. ಒಂದು ಪ್ರತಿಯನ್ನೂ ತನಗಾಗಿ ಇಟ್ಟುಕೊಳ್ಳಲಿಲ್ಲ. ನನ್ನ ತಾಯಿ, "ಒಂದಾದ್ರೂ ಇರಲಿ ಕಣೇ, ಯಾರಿಗೆ ಗೊತ್ತಾಗುತ್ತೆ?" ಎಂದಿದ್ದಕ್ಕೆ, "ನಾನೂ ಒಂದು ದಿನ ಸಾಯ್ತೀನಲ್ಲ. ಆಮೇಲೆ ಅದು ನಿನ್ನ ಮುಂದೆ ಮಾತಾಡಿದ್ರೆ?" ಎಂದು ಕೇಳಿದಳು.

ಮೊದಲ ಮಳೆಯಾದ ವಾರ ಇಪುವಾನಾ ಮಕ್ಕಳು ಶಾಲೆಗೆ ಬಂದರು. ಎಂಟು ಮಂದಿ ಬಂದರು. ಇಬ್ಬರನ್ನು ಅಷ್ಟರಲ್ಲಿ ಬೇರೆ ಊರಿಗೆ ಕಳಿಸಿದ್ದರು, ಅವರು ಮರಳಲೇ ಇಲ್ಲ. ಉಳಿದ ಒಬ್ಬ ಎಲ್ವೀನಾಳ ಚಿಕ್ಕ ಮಗ. ಅವನು ಬಂದದ್ದು ಒಂಬತ್ತು ದಿನದ ಮೇಲೆ, ತಾಯಿಯ ಕೈ ಹಿಡಿದು.

ಆ ದಿನ ಚಿಕ್ಕಮ್ಮ ಕೂಡುವ ಲೆಕ್ಕ ಹೇಳಿಕೊಡಬೇಕಿತ್ತು. ಹುಡುಗ ಒಳಗೆ ಬಂದು ಕೂತ. ಎಲ್ವೀನಾ ಒಳಗೆ ಬರಲಿಲ್ಲ, ವಾಪಸ್ಸೂ ಹೋಗಲಿಲ್ಲ. ಬಾಗಿಲ ಪಕ್ಕದ ಜಾಲಿಯ ನೆರಳಿನಲ್ಲಿ ನೀರಿನ ಕ್ಯಾನು ಕೆಳಗಿಟ್ಟು ನಿಂತಳು. ಚಿಕ್ಕಮ್ಮ ಅವಳನ್ನು ಕಂಡಳು. ಪಾಠವನ್ನು ಮುಂದೂಡಬಹುದಿತ್ತು. ಮುಂದೂಡಲಿಲ್ಲ. ಸ್ಪೀಕರ್ ಹಚ್ಚಿ ಪಕ್ಕಕ್ಕೆ ಸರಿದು ನಿಂತಳು.

ಬೇರೆ ಹೆಂಗಸಿನ ದನಿ ಬಂತು. "ಟೀಚರ್, ಇದು ಯಾರು? ನೀವಲ್ವಲ್ಲ," ಎಂದು ಮಕ್ಕಳು ಕೂಗಿದರು. ಚಿಕ್ಕಮ್ಮ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದಳು. ನೀನು ಬೆಳಿಗ್ಗೆ ಐದು ಆಡು ಮೇಯಲು ಬಿಟ್ಟೆ, ಎಂದಿತು ಆ ದನಿ. ಆಮೇಲೆ ಮೂರು ಬಿಟ್ಟೆ. ಒಟ್ಟು ಎಷ್ಟು? ಮಕ್ಕಳೆಲ್ಲ ಬೆರಳು ಮಡಿಸಿ "ಎಂಟು" ಎಂದರು. ಎಲ್ವೀನಾಳ ಮಗನೂ ಅಂದ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಪಾಠ ಮುಗಿಯುವವರೆಗೂ ಚಿಕ್ಕಮ್ಮ ಸ್ಪೀಕರಿನ ಪಕ್ಕದಿಂದ ಕದಲಲಿಲ್ಲ. ಹೊರಗೆ ನಿಂತವಳೂ ಕದಲಲಿಲ್ಲ. ಲೆಕ್ಕ ಎರಡನೆಯ ಸಲ ಬಂದು ಮುಗಿದು, ಸ್ಪೀಕರ್ ನಿಂತ ಮೇಲೆ ಎಲ್ವೀನಾ ಕ್ಯಾನನ್ನು ಎತ್ತಿಕೊಂಡು ನೀರಿನ ತೊಟ್ಟಿಯ ಕಡೆಗೆ ನಡೆದಳು.